ಸವೆದ ಹಲ್ಲು

“ಒಳಗೇನ್ ಸಿಕ್ಕುದ್ರೂ ನನ್ ಕೈಗೇ ಕೊಡ್ಬೇಕು ಕಣಣ್ಣ. ಮುಚ್ಚಿಡ್‌ಬ್ಯಾಡ.”

ಇಷ್ಟು ಹೇಳಿ ರೇವಮ್ಮ ಗರಾಜಿನ ಬಾಗಿಲಲ್ಲಿ ಗೋಣಿತಾಟು ಹಾಸಿಕೊಂಡು ಕೂತುಬಿಟ್ಟಳು. ಮುದ್ದಯ್ಯನ ಕೈಯಿಂದ ಸ್ಪ್ಯಾನರು ಜಾರಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಪಾಡು ಅವನದಾಯಿತು.

ಮೋಟಾರ್ ಸೈಕಲ್ಲು ಅವಳ ಗಂಡ ಸಿದ್ದರಾಮುವಿನದು. ಕೊಪ್ಪದ ಕೊಟ್ಟಿಗೆಯಲ್ಲಿ ಐದು ವರ್ಷ ಹುಲ್ಲಿನಡಿ ಬಿದ್ದಿದ್ದ ಅದನ್ನು ಮೈದುನ ಚಿಕ್ಕಬೋರಯ್ಯ ಬೆಳಿಗ್ಗೆ ಎತ್ತಿನ ಗಾಡಿಗೆ ಹೇರಿಕೊಂಡು ಮದ್ದೂರಿಗೆ ತಂದು ಇಳಿಸಿ ಹೋಗಿದ್ದ. ನಾಡಿದ್ದು ದೇಶಕ್ಕೆ ಸ್ವಾತಂತ್ರ್ಯ. ಊರಿನವರು ಶಿವಪುರಕ್ಕೆ ಬಾವುಟದ ಮೆರವಣಿಗೆ ಹೊರಟಿದ್ದಾರೆ. ಎಲ್ಲರಿಗಿಂತ ಮುಂದೆ ಸಿದ್ದರಾಮುವಿನ ಗಾಡಿ ಹೋಗಬೇಕಂತೆ, ಅದೂ ಸದ್ದು ಮಾಡಿಕೊಂಡು. ಜೈಲಿನಲ್ಲಿ ಜ್ವರ ಬಂದು ಸತ್ತವನಿಗೆ ಊರು ತೋರಿಸಬಹುದಾದ ಮರ್ಯಾದೆ ಅಷ್ಟೇ.

ಅವನನ್ನು ಕೊಂದವನು ತಾನು ಎಂದು ಮುದ್ದಯ್ಯ ಐದು ವರ್ಷದಿಂದ ನಂಬಿದ್ದ.

ನಲವತ್ತೆರಡರಲ್ಲಿ ಸಿದ್ದರಾಮು ಇದೇ ಗಾಡಿಯಲ್ಲಿ ಚಳವಳಿಯ ಕರಪತ್ರ ಹಂಚುತ್ತ ಊರೂರು ಸುತ್ತುತ್ತಿದ್ದ. ಗೌರಿ ಹಬ್ಬಕ್ಕೆ ಮೂರು ದಿನ ಮುಂಚೆ ಬ್ರೇಕು ಸರಿಮಾಡಲು ಬಿಟ್ಟುಹೋದ. ಅದೇ ದಿನ ಇನ್ಸ್‌ಪೆಕ್ಟರೂ ತನ್ನ ಗಾಡಿ ತಂದ. ಕಿಕ್ಕು ತುಳಿದರೆ ಜಾರುತ್ತಿತ್ತು. ಒಳಗಿನ ಹಲ್ಲುಚಕ್ರ ಸವೆದುಹೋಗಿತ್ತು. ಯುದ್ಧಕಾಲ, ಹೊಸ ಸಾಮಾನು ಎಲ್ಲಿಂದ ತರುವುದು? “ಸಂಜೆಯೊಳಗೆ ಆಗದಿದ್ದರೆ ನೀನು ಒಳಗೆ” ಎಂದ ಇನ್ಸ್‌ಪೆಕ್ಟರು. ಎರಡೂ ಒಂದೇ ಕಂಪನಿಯ ಗಾಡಿಗಳು. ಮುದ್ದಯ್ಯ ಸಿದ್ದರಾಮುವಿನ ಒಳ್ಳೆಯ ಚಕ್ರ ಬಿಚ್ಚಿ ಇನ್ಸ್‌ಪೆಕ್ಟರಿನ ಗಾಡಿಗೆ ಹಾಕಿದ, ಸವೆದದ್ದನ್ನು ಸಿದ್ದರಾಮುವಿನದಕ್ಕೆ. ಸಿದ್ದರಾಮು ಬಂದಾಗ ತಾನೇ ತಳ್ಳಿ ಸ್ಟಾರ್ಟು ಮಾಡಿ ಕೈಗೆ ಕೊಟ್ಟ. ವಾರದೊಳಗೆ ಸರಿಮಾಡಿದರಾಯಿತು ಎಂದುಕೊಂಡಿದ್ದ.

ವಾರ ಎಲ್ಲಿ ಬಂತು? ಹಬ್ಬದ ಬೆಳಿಗ್ಗೆ ಸಿದ್ದರಾಮು ಊರು ಬಿಡುವವನಿದ್ದ. ಹಾಲು ಕರೆಯುವ ಹೊತ್ತಿಗೆ ಇನ್ಸ್‌ಪೆಕ್ಟರು ಬಂದ, ಆ ಒಳ್ಳೆಯ ಚಕ್ರದ ದಯದಿಂದಲೇ. ಸಿದ್ದರಾಮು ತುಳಿದನಂತೆ, ತುಳಿದನಂತೆ, ಕಿಕ್ಕು ಜಾರಿತಂತೆ. ಕೆರೆಯ ಇಳಿಜಾರಿಗೆ ತಳ್ಳಿಕೊಂಡು ಓಡಿದನಂತೆ. ಗಾಡಿ ಸ್ಟಾರ್ಟಾಗಿ, ಎರಡು ಸಲ ಕೆಮ್ಮಿ, ಸುಮ್ಮನಾಯಿತಂತೆ. ಏರಿಯ ಮೇಲೆ ಹಿಡಿದರು. ಚಿಕ್ಕಬೋರಯ್ಯ ಇಷ್ಟನ್ನೂ ಬಿಡಿಸಿ ಹೇಳಿದ್ದ. ಮುದ್ದಯ್ಯನ ಕಿವಿಯಲ್ಲಿ ಉಳಿದದ್ದು ಮಾತ್ರ ‘ಕಿಕ್ಕು ಜಾರಿತು’ ಎಂಬುದೊಂದೇ.

ಈಗ ಅದೇ ಕಿಕ್ಕಿನ ಮುಚ್ಚಳ ಅವನ ಮುಂದಿತ್ತು. ರೇವಮ್ಮ ಮೊಣಕಾಲ ಮೇಲೆ ದೀಪದ ಬತ್ತಿ ಹೊಸೆಯುತ್ತಿದ್ದಳು. ಮೂರೆಳೆ, ತುದಿಗೊಂದು ಗಂಟು, ಗಂಟಿಗೆ ಅರಿಸಿನ. ಮನಸ್ಸಿನಲ್ಲಿ ಒಂದು ಬೇಡಿಕೆ ಇಟ್ಟು ಗಂಟು ಹಾಕುವುದು ಅವಳ ತೌರಿನ ಪದ್ಧತಿ.

ಮುದ್ದಯ್ಯ ಕೇಳಿದ: “ಏನ್ ಬೇಡ್ಕತಿದ್ದೀಯವ್ವ?”

“ಒಂದ್ಸಲ ಬೇಡಿದ್ನ ಕೊಟ್ಟವ್ನೆ ದೇವ್ರು. ಸಾಕು.”

ಮುದ್ದಯ್ಯ ಮುಚ್ಚಳ ಬಿಚ್ಚಿದ. ಸವೆದ ಚಕ್ರ ಇಟ್ಟಲ್ಲೇ ಇತ್ತು. ಬೆನ್ನು ತಿರುಗಿಸಿ ಅದನ್ನು ಸೊಂಟದ ಪಂಚೆಗೆ ಸಿಕ್ಕಿಸಿಕೊಂಡ. ಒಳ್ಳೆಯದು ಅವನ ಪೆಟ್ಟಿಗೆಯಲ್ಲೇ ಇತ್ತು. ಇನ್ಸ್‌ಪೆಕ್ಟರಿಗೆ ವರ್ಗವಾಗಿ ಅವನ ಗಾಡಿ ಗುಜರಿಗೆ ಬಂದಾಗ ಬಿಚ್ಚಿ, ಬಟ್ಟೆ ಸುತ್ತಿ ಇಟ್ಟಿದ್ದ. ಅದನ್ನು ಅದರ ಮನೆಗೇ ಕೂರಿಸಿದ. ಹೊಸ ಸ್ಪ್ರಿಂಗು ಹಾಕಿದ, ಪ್ಲಗ್ಗು ಉಜ್ಜಿದ, ಕಾರ್ಬೊರೇಟರು ತೊಳೆದ. ಟ್ಯಾಂಕಿನಿಂದ ಇಳಿಯುವ ಪೆಟ್ರೋಲಿನ ಪೈಪು ಹೊರಗಿನಿಂದ ಗಟ್ಟಿಯಾಗಿತ್ತು, ಬಿಟ್ಟ. ಮನಸ್ಸೆಲ್ಲ ಕಿಕ್ಕಿನ ಮೇಲಿದ್ದವನಿಗೆ ಬೇರೇನು ಕಂಡೀತು?

ಟ್ಯಾಂಕಿಗೆ ಪೆಟ್ರೋಲು ಹಾಕಿ, ಕಾರ್ಬೊರೇಟರಿಗೂ ನಾಲ್ಕು ಹನಿ ಬಿಟ್ಟು ತುಳಿದ. ಹಲ್ಲು ಕಚ್ಚಿತು, ಜಾರಲಿಲ್ಲ. ಗಾಡಿ ಸ್ಟಾರ್ಟಾಯಿತು.

ಎರಡು ಸಲ ಕೆಮ್ಮಿ, ಸುಮ್ಮನಾಯಿತು.

ಮತ್ತೆ ತುಳಿದ. ಮತ್ತೂ ತುಳಿದ. ಬೆವರು ಕಣ್ಣಿಗಿಳಿಯಿತು. ಸತ್ತವನೇ ಬಂದು ಗಾಡಿ ಹಿಡಿದುಕೊಂಡಿದ್ದಾನೆ ಅನ್ನಿಸಿ ಮುದ್ದಯ್ಯನ ಎದೆ ಒಡೆದುಹೋಯಿತು. ಸೊಂಟದಿಂದ ಸವೆದ ಚಕ್ರ ತೆಗೆದು ರೇವಮ್ಮನ ಮುಂದೆ ಇಟ್ಟ.

“ತಪ್ಪಾಯ್ತು ಕಣವ್ವ. ಒಳ್ಳೇದ್ನ ಆ ಇನ್ಸ್‌ಪೆಕ್ಟ್ರಿಗೆ ಕೊಟ್ಟು, ಇದ್ನ ನಿನ್ ಗಂಡನ್ ಗಾಡೀಗೆ ಹಾಕ್ದೋನು ನಾನೇಯ. ಅವ್ನ್ ಕಾಲು ಜಾರ್ಸಿದ್ದು ನಾನು. ಉಗುದ್ಬುಡು ನನ್ ಮಕಕ್ಕೆ.”

ರೇವಮ್ಮ ಚಕ್ರವನ್ನು ತಿರುಗಿಸಿ ತಿರುಗಿಸಿ ನೋಡಿದಳು. ಬೆರಳಿನಿಂದ ಸವೆದ ಹಲ್ಲು ಸವರಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಅದರಿಂದಲೇ ಅವನಿಗೆ ಹೆಚ್ಚು ಹೆದರಿಕೆಯಾಯಿತು.

“ಇದಲ್ಲ” ಎಂದಳು. “ಇನ್ನೂ ಒಳಕ್ಕೆ ನೋಡು.”

ಅವಳಿಗೆ ಬುದ್ಧಿ ನೆಟ್ಟಗಿಲ್ಲ ಎಂದುಕೊಂಡ. ಆದರೂ ಕೈ ತನ್ನ ಕಸುಬು ಮರೆಯಲಿಲ್ಲ. ಉಳಿದದ್ದು ಪೈಪೊಂದೇ. ಕಳಚಿ ಬಾಯಿಗಿಟ್ಟು ಊದಿದ. ಗಾಳಿ ಹಾಯಲಿಲ್ಲ. ತಂತಿ ತೂರಿಸಿ ಕೆನ್ನೆ ಉಬ್ಬಿಸಿ ಊದಿದ. ಏನೋ ಹಾರಿ ರೇವಮ್ಮನ ಕಾಲ ಬಳಿ ಬಿತ್ತು. ಅವಳು ಅದನ್ನು ತಟ್ಟನೆ ಎತ್ತಿಕೊಂಡಳು.

ಪೈಪು ಸಿಕ್ಕಿಸಿ ತುಳಿದ. ಒಂದೇ ಏಟಿಗೆ ಗಾಡಿ ಎದ್ದಿತು. ಈ ಸಲ ನಿಲ್ಲಲಿಲ್ಲ. ಹದವಾಗಿ, ಒಂದೇ ಸಮನೆ ಓಡಿತು. “ಆಯ್ತು ಕಣವ್ವ! ಸಿವ್‌ಪುರ್ದ ಗಂಟ ಓಯ್ತದೆ!” ಎಂದು ಕೂಗಿ ತಿರುಗಿದ.

ರೇವಮ್ಮ ಅಳುತ್ತಿದ್ದಳು. ತೆರೆದ ಅಂಗೈಯಲ್ಲಿ ಪೈಪಿನಿಂದ ಹಾರಿದ ಮೂರೆಳೆಯ ಬತ್ತಿ. ಗಂಟಿನಲ್ಲಿ ಅರಿಸಿನ ಇನ್ನೂ ಪೂರ್ತಿ ಮಾಸಿರಲಿಲ್ಲ.

“ಹಬ್ಬಕ್ಕೊಂದಿನ ಇದ್ದು ಓಗ್ಲಿ ಅಂತ ನಾನೇ ಇಟ್ಟಿದ್ದೆ ಕಣಣ್ಣ.”