ನಾಲ್ಕರಲ್ಲಿ ಒಂದು

ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ವಿದ್ಯಾರ್ಥಿನಿ ಗಂಗಾಂಬಿಕೆಯ ತಾಯಿ ಕೂತಿದ್ದರು. ಒಡಹುಟ್ಟಿದವರ ಅಸ್ಥಿಮಜ್ಜೆ ಹೊಂದಿದರೆ ಮಾತ್ರ ಹುಡುಗಿ ಉಳಿಯುತ್ತಾಳೆಂದು ವೈದ್ಯರು ಹೇಳಿದ್ದರು. ತಂಗಿಯರು ಇಬ್ಬರು. ಒಬ್ಬಳದು ಹೊಂದಲಿಲ್ಲವೆಂದು ಬೆಳಿಗ್ಗೆ ರಿಪೋರ್ಟ್ ಬಂದಿತ್ತು.

"ಒಬ್ಬಳದೇ ಆಗ್ಲಿಲ್ಲ ಅಂದ್ಮೇಲೆ ಇನ್ನೊಬ್ಬಳದೂ ಆಗಲ್ಲ ಬಿಡಿ, ಮೇಡಂ. ಸುಮ್ನೆ ಮಗೂಗೆ ಯಾಕೆ ಸೂಜಿ ಚುಚ್ಚಿಸೋದು?"

"ಹಾಗೆಲ್ಲ ಅನ್ಬೇಡಿ. ಮಜ್ಜೆ ಹೊಂದೋಕೆ ನಾಲ್ಕರಲ್ಲಿ ಒಂದು ಅನ್ನೋ ಅವಕಾಶ ಒಬ್ಬೊಬ್ಬರಿಗೂ ಬೇರೆ ಬೇರೆಯಾಗೇ ಇರುತ್ತೆ. ಎರಡು ನಾಣ್ಯ ಚಿಮ್ಮಿದ್ರೆ, ಒಂದು ಹೇಗೆ ಬಿತ್ತು ಅಂತ ಇನ್ನೊಂದಕ್ಕೆ ಗೊತ್ತಾಗುತ್ತಾ?"

"ನಿಜವಾಗ್ಲೂನಾ ಮೇಡಂ?"

"ನಾನು ಕಾಲೇಜಿನಲ್ಲಿ ಪಾಠ ಮಾಡೋದೇ ಇದನ್ನ."

ಅವರು ಕಣ್ಣೊರೆಸಿಕೊಂಡು ಎದ್ದರು. ಹೊರಗೆ ಸೋದರಮಾವನ ಜೊತೆ ನಿಂತಿದ್ದ ಇನ್ನೊಬ್ಬ ಮಗಳನ್ನು ಕೈಹಿಡಿದು ಒಳಗೆ ಕರೆತಂದರು.

ನರ್ಸ್ ಹುಡುಗಿಯನ್ನು ನೋಡಿ ಹುಬ್ಬೇರಿಸಿದರು. "ಏನ್ ಪುಟ್ಟೀ, ನಿನ್ನ ರಕ್ತ ಆಗ್ಲೇ ತಗೊಂಡಾಯ್ತಲ್ಲ?"

ತಾಯಿ ಅಂದು ಮೊದಲ ಸಲ ನಕ್ಕರು.

"ಅದು ಇವಳಲ್ಲ ಸಿಸ್ಟರ್, ಇವಳ ಜೊತೆ ಹುಟ್ಟಿದವಳು. ಒಂದೇ ಅಂಡದ ಅವಳಿ ಮಕ್ಕಳಂತೆ. ರೂಪ, ರಕ್ತ ಎಲ್ಲಾ ಒಂದೇ. ಹೆತ್ತ ನನಗೇ ಎಷ್ಟೋ ಸಲ ಗುರುತು ಸಿಗಲ್ಲ."