ಇಳಿಜಾರಿನ ಮೇಲೆ ಹನ್ನೊಂದು ಗೀರು

ಹನ್ನೊಂದು. ಚಿಗುಸಾ ಮತ್ತೊಮ್ಮೆ ಎಣಿಸಿದಳು. ಏಪ್ರಿಲ್‌ನಲ್ಲಿ ಸಮುದ್ರತಳದ ಆ ಇಳಿಜಾರು ನುಣ್ಣಗಿತ್ತು. ಈಗ, ಸೆಪ್ಟೆಂಬರಿನ ಸೋನಾರ್ ಚಿತ್ರದಲ್ಲಿ, ಯಾರೋ ಬಾಚಣಿಗೆ ಎಳೆದ ಹಾಗೆ ಗೀರುಗಳು. ಅನಿಲದ ಕೊಳವೆ ಹಾಯಬೇಕಾದದ್ದು ಸರಿಯಾಗಿ ಅಲ್ಲೇ.

ಅದಕ್ಕೆ ಎರಡೇ ಕಾರಣ. ಒಂದೋ ನೆಲ ಬಿರಿಯುತ್ತಿದೆ. ಹಾಗಿದ್ದರೆ ಇಳಿಜಾರೇ ಕುಸಿದು, ಎದ್ದ ಅಲೆ ಹತ್ತು ನಿಮಿಷದಲ್ಲಿ ಅವಳು ಹುಟ್ಟಿದ ಊರನ್ನು ನುಂಗುತ್ತದೆ. ಕೊಳವೆ ಹಾಗಿರಲಿ, ಮೊದಲು ಊರು ಖಾಲಿ ಮಾಡಿಸಬೇಕು. ಇಲ್ಲವೇ ಯಾರೋ ಕದ್ದು ತಳಕ್ಕೆ ಬಲೆ ಹಾಕಿ ಎಳೆದಿದ್ದಾರೆ. ಅಂಥ ಗುಂಡಿಗೆ ಊರಲ್ಲಿ ಒಬ್ಬನಿಗೇ ಇದ್ದದ್ದು: ಅವಳ ಅಣ್ಣ ಇಸಾಮುಗೆ. ಕೊಳವೆ ಕಂಪನಿಗೆ ಅವಳ ಸಮೀಕ್ಷೆಯ ವರದಿ ಮಧ್ಯಾಹ್ನದೊಳಗೆ ಹೋಗಬೇಕು. ಅವಳು ನೇರ ಅಣ್ಣನ ಮನೆಗೆ ನಡೆದಳು.

ಅಂಗಳದಲ್ಲಿ ಬಲೆ ಒಣಗಿ ಗರಿಗರಿಯಾಗಿ ನೇತಾಡುತ್ತಿತ್ತು. ಅತ್ತಿಗೆ ಅನ್ನ, ಸುಟ್ಟ ಮೀನು ತಂದಿಟ್ಟು ತಲೆ ಎತ್ತದೆ ಒಳಗೆ ಹೋದಳು.

“ಬಂದರಲ್ಲಿ ನಿನ್ನ ದೋಣಿ ಕಾಣ್ಲಿಲ್ವಲ್ಲ?” ಚಿಗುಸಾ ಅಣ್ಣನನ್ನು ಕೇಳಿದಳು.

“ಬಣ್ಣ ಹೊಡೆಸೋಕೆ ಪಕ್ಕದೂರಿಗೆ ಕಳ್ಸಿದೀನಿ. ಏನೇ, ಪೊಲೀಸಿನವಳ ಹಾಗೆ ಕೇಳ್ತೀಯ?”

ಆ ದೋಣಿ ಅವನ ಪ್ರಾಣ. ಅದನ್ನು ಕಟ್ಟಿದ ದಿನ ಬಡಗಿ ಕಂಬದ ಬುಡ ಕೊರೆದು, ದೋಣಿಯ ದೇವರೆಂದು ಎರಡು ಕಾಗದದ ಗೊಂಬೆ, ಎರಡು ದಾಳ ಇಟ್ಟು ಮುಚ್ಚಿದ್ದನ್ನು ಚಿಗುಸಾ ಕಣ್ಣಾರೆ ನೋಡಿದ್ದಳು. ದೋಣಿ ಇರುವತನಕ ದೇವರು ಅಲ್ಲಿಂದ ಕದಲುವಂತಿಲ್ಲ.

“ಅಣ್ಣಾ, ನಿಜ ಹೇಳು. ಈ ಏಪ್ರಿಲ್ ಆದ್ಮೇಲೆ ಆ ಇಳಿಜಾರಿನ ಮೇಲೆ ಬಲೆ ಎಳೆದದ್ದು ನೀನೇನಾ?”

ಇಸಾಮುವಿನ ಕಿವಿ ಕೆಂಪಾಯಿತು. ಎದೆ ಸೆಟೆಸಿದ.

“ನಾನಲ್ದೆ ಇನ್ಯಾರಿಗಿದೆ ಆ ತಾಕತ್ತು? ಉಳಿದೋರೆಲ್ಲ ದಡದಲ್ಲಿ ಕೂತು ಸಿಗರೇಟು ಸೇದೋ ಗಿರಾಕಿಗಳು. ದಂಡ ಹಾಕಿಸ್ತೀಯಾ? ಹಾಕ್ಸು ಹೋಗು!”

“ಹನ್ನೊಂದು ಸಲ?”

“ಲೆಕ್ಕ ಇಟ್ಟೋರ್ಯಾರು!”

ಚಿಗುಸಾಗೆ ಹೋದ ಜೀವ ಬಂದಂತಾಯಿತು. ನಗುವೂ ಅಳುವೂ ಒಟ್ಟಿಗೇ ಬಂದವು. “ನಿನ್ನ ಮನೆ ಹಾಳಾಗ! ಎರಡು ದಿನದಿಂದ ಒಂದು ತುತ್ತು ಗಂಟಲಲ್ಲಿ ಇಳಿದಿಲ್ಲ ನಂಗೆ!” ಅಲ್ಲೇ ಫೋನು ತೆಗೆದು ವರದಿಯ ಕೊನೆಯ ಸಾಲು ಬರೆದಳು: ಬಲೆಯ ಗುರುತುಗಳು, ಅಪಾಯವಿಲ್ಲ. ಕಳಿಸಿಯೂಬಿಟ್ಟಳು.

ಆಗ ಬಟ್ಟಲುಗಳು ಕಟಕಟ ಎಂದವು. ಯಾರೂ ಏಳಲಿಲ್ಲ, ಇಷ್ಟು ಸಣ್ಣ ನಡುಕಕ್ಕೆ ಇಲ್ಲಿ ಯಾರೂ ಊಟ ಬಿಡುವುದಿಲ್ಲ. ದೇವರ ಹಲಗೆಯಿಂದ ಪುಟ್ಟ ಪೆಟ್ಟಿಗೆಯೊಂದು ಉರುಳಿ, ಚಾಪೆಯ ಮೇಲೆ ಬಿದ್ದು ಬಾಯಿಬಿಟ್ಟಿತು. ಇಸಾಮು ಧಾವಿಸಿ ಅಂಗೈ ಮುಚ್ಚಿದ. ತಡವಾಗಿತ್ತು.

ಎರಡು ಕಾಗದದ ಗೊಂಬೆ, ಎರಡು ದಾಳ. ಮುಚ್ಚಳದ ಮೇಲೆ ಅತ್ತಿಗೆಯ ಕೈಬರಹದಲ್ಲಿ, ದೋಣಿ ಒಡೆಸಿದ ದಿನ: ಇದೇ ವರ್ಷದ ಜನವರಿ ಒಂಬತ್ತು.