ವರ್ಷಕ್ಕೊಂದೇ ಜುಣಕ

ಅನ್ನ, ರೊಟ್ಟಿ ಬಿಟ್ಟರೆ ಒಂದೊಂದು ಅಡುಗೆಗೂ ಆ ಮನೆಯ ಒಲೆ ವರ್ಷಕ್ಕೆ ಒಂದೇ ಸಲ ಹೊತ್ತಿಕೊಳ್ಳುತ್ತಿತ್ತು; ಅದೇ ಅಡುಗೆಗೆ ಎರಡನೇ ಸಲ ಹೊತ್ತುತ್ತಿರಲಿಲ್ಲ. ಹಾಗಾಗಿ ಶಿವಲೀಲಾ ದಿನವೂ ಸಂಜೆ ಹೊಸದೊಂದನ್ನು ಮಾಡುತ್ತಿದ್ದಳು, ಯಾವುದೂ ರುಚಿಯಾಗುತ್ತಿರಲಿಲ್ಲ. ಇವತ್ತಿನದು ಹಾಗಲಕಾಯಿ ಬೆರೆಸಿದ ಪಪ್ಪಾಯಿ ಪಲ್ಯ.

“ಇದಕ್ಕಿಂತ ನಿನ್ನಿ ಕೆಡಿಸಿದ್ದ ಚೊಲೋ ಇತ್ತಲ್ಲವಾ,” ಎಂದು ಅತ್ತೆ ಬಸಲಿಂಗವ್ವ ತಟ್ಟೆ ಸರಿಸಿದಳು. ಜ್ವರ ಬಂದ ಮೂರು ದಿನದಿಂದ ಆಕೆ ಯಾವುದನ್ನೂ ಒಂದು ತುತ್ತಿಗಿಂತ ಹೆಚ್ಚು ತಿಂದಿರಲಿಲ್ಲ. “ಜುಣಕ ಮಾಡು.”

“ಅದನ್ನ ದೀಪಾವಳಿಗೆ ಇಟ್ಟೇನ್ರೀ ಅತ್ತಿ.”

“ಅಲ್ಲೀತನಕ ನನ್ನನ್ನೂ ಇಟ್ಟಿರ್ತೀಯೇನು?”

ಶಿವಲೀಲಾ ಜುಣಕಕ್ಕೆ ಕಡಲೆಹಿಟ್ಟು ಕಲಸಿದಳು. ಒಲೆ ಹೊತ್ತಿತು. ಅತ್ತೆ ಎರಡು ರೊಟ್ಟಿ ಮುಗಿಸಿ ಬೆರಳು ನೆಕ್ಕಿದಳು.

“ಉಪ್ಪು ಕಡಿಮಿ ಆಗೇತಿ. ಬರೋ ವರ್ಷ ಸರಿ ಮಾಡು.”

ಶಿವಲೀಲಾ ಅಡುಗೆಮನೆಯ ಗೋಡೆಯ ಮೇಲೆ ‘ಜುಣಕಕ್ಕೆ ಇನ್ನಷ್ಟು ಉಪ್ಪು’ ಎಂದು ಬರೆದಿಟ್ಟಳು, ಹೋದ ವರ್ಷ ಬರೆದಿದ್ದ ಅದೇ ಸಾಲಿನ ಕೆಳಗೆ.